ಸೋರುವ ಪೈಪಿಗೆ ಎಂ-ಸೀಲ್: ಎಲ್ಲಿ ಸೈ, ಎಲ್ಲಿ ಬೇಡ

ಕಾರವಾರದ ಉಪ್ಪುಗಾಳಿಗೆ ಕಬ್ಬಿಣದ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಜಾಯಿಂಟ್ ಒಸರಲು ಶುರುವಾಗುವುದೂ ಜೋರು ಮಳೆಯಲ್ಲಿ ಪ್ಲಂಬರ್ ಸಿಗದ ಹೊತ್ತಿಗೇ. ಹಾಗಾಗಿ ನಮ್ಮ ಮನೆಯಲ್ಲಿ ಎಂ-ಸೀಲ್ ಪ್ಯಾಕೆಟ್ ಒಂದು ಯಾವಾಗಲೂ ಇರುತ್ತದೆ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ, ದುಡ್ಡೂ ಜಾಸ್ತಿ ಇಲ್ಲ.

ಇದು ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು. ಒಳಗೆ ಎರಡು ಉಂಡೆ ಇರುತ್ತವೆ, ಒಂದು ರೆಸಿನ್, ಇನ್ನೊಂದು ಗಟ್ಟಿ ಮಾಡುವ ಹಾರ್ಡನರ್. ಎರಡನ್ನೂ ಸಮ ತೆಗೆದುಕೊಂಡು ಚಪಾತಿ ಹಿಟ್ಟಿನ ಹಾಗೆ ನಾದಬೇಕು, ಗೆರೆಗೆರೆ ಕಾಣದೆ ಪೂರ್ತಿ ಒಂದೇ ಬಣ್ಣ ಬರುವವರೆಗೆ. ಇಲ್ಲಿ ಅವಸರ ಮಾಡಿದರೆ ಅಲ್ಲಲ್ಲಿ ಮೆತ್ತಗೇ ಉಳಿದುಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ಒಳ್ಳೆಯದಲ್ಲ.

ಬಚ್ಚಲುಮನೆಯ ಹಿಂದಿನ ಪೈಪಿಗೆ ಹಚ್ಚುವಾಗ ಮೊದಲು ವಾಲ್ವ್ ಬಂದ್ ಮಾಡಿ ಪೈಪಿನಲ್ಲಿದ್ದ ನೀರೆಲ್ಲ ಖಾಲಿ ಮಾಡಿದೆ, ತುಕ್ಕನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸುತ್ತಲೂ ಮೆತ್ತಿ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸಿದೆ. ನಮ್ಮ ಕಡೆ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕೆಲಸ, ಗೋಡೆಯೇ ಬೆವರುತ್ತಿರುತ್ತದೆ ಅಲ್ವಾ! ಗಂಟೆಯೊಳಗೆ ಗಟ್ಟಿಯಾದಂತೆ ಕಂಡರೂ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೀರು ಬಿಟ್ಟೆ. ಒಂದು ಹನಿಯೂ ಬರಲಿಲ್ಲ. ಗೋಡೆ ಒಡೆಯಬೇಕು ಅಂತ ಒಬ್ಬ ಪ್ಲಂಬರ್ ಹೇಳಿಹೋಗಿದ್ದ ಜಾಗವದು, ಈಗಲೂ ಹಾಗೇ ಇದೆ.

ಆದರೆ ಎಲ್ಲಕ್ಕೂ ಇದನ್ನೇ ಮೆತ್ತಬೇಡಿ. ನಲ್ಲಿಯ ಬಾಯಿಂದ ಹನಿ ಬೀಳುತ್ತಿದ್ದರೆ ವಾಷರ್ ಬದಲಿಸಬೇಕು. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಲೀಟರ್‌ಗಟ್ಟಲೆ ನೀರು ಹೋಗುತ್ತದೆ, ಸುಮ್ನೆ ಬಿಡುವ ಮಾತಲ್ಲ. ತಿರುಗಿಸಿ ಕೂರಿಸುವ ಜಾಯಿಂಟಿನ ಥ್ರೆಡ್ಡಿನಲ್ಲಿ ಒಸರಿದರೆ ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ, ಅದೂ ತಿರುಗಿಸಿ ಬಿಗಿ ಮಾಡುವ ದಿಕ್ಕಿನಲ್ಲೇ. ಅಲ್ಲಿ ಎಂ-ಸೀಲ್ ಹಾಕಿದರೆ ಮುಂದೆ ಬಿಚ್ಚುವುದೇ ಕಷ್ಟ. ಹೆಂಚು ಒಡೆದು ಸೋರಿದರೆ ಹೆಂಚೇ ಬದಲಿಸಿ.

ಗ್ಯಾಸ್ ಪೈಪಿಗಂತೂ ಖಂಡಿತ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಲೈಟಿನ ಸ್ವಿಚ್ ಮುಟ್ಟಬೇಡಿ. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ಯಾಕೆಟ್ ಕೊಳ್ಳುವಾಗ ತಾರೀಕು ನೋಡಿ, ಉಳಿದದ್ದನ್ನು ಬಿಗಿಯಾಗಿ ಸುತ್ತಿಡಿ. ಎರಡು ಉಂಡೆ ಒಂದಕ್ಕೊಂದು ತಾಗಬಾರದು.