ಗಿಲ್ಡ್ ವಾರ್ಸ್ 2: ಹಗೆಗೆ ಕಾರಣ ಕೊಟ್ಟಿದ್ದಾರೆ, ಆದರೆ ಬಾಗಿಲು ಮುಚ್ಚಿಲ್ಲ

ಗಿಲ್ಡ್ ವಾರ್ಸ್ 2 ಅನ್ನುವ ಆನ್‌ಲೈನ್ ಫ್ಯಾಂಟಸಿ ಆಟದ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಗ್ರಾಫಿಕ್ಸ್ ಹೇಗೆ, ಫೈಟಿಂಗ್ ಹೇಗೆ ಅನ್ನುವುದನ್ನು ಅಲ್ಲೇ ನೋಡಿಕೊಳ್ಳಿ. ನಾನು ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಆ ಲೋಕದ ಜನಾಂಗಗಳು ಒಬ್ಬರನ್ನೊಬ್ಬರು ಕೀಳಾಗಿ ನೋಡುವುದನ್ನು ಈ ಆಟ ಹೇಗೆ ತೋರಿಸುತ್ತದೆ ಅಂತ. ಡೊಂಬಿವಲಿ, ಠಾಣೆ, ಮಾಟುಂಗಾ ಕಡೆಯ ನಾವೊಂದಿಷ್ಟು ಕನ್ನಡದವರು ರಾತ್ರಿ ಊಟ ಮುಗಿಸಿ ಯುರೋಪಿನ ಸರ್ವರ್‌ನಲ್ಲಿ ಸೇರಿ ರೋಲ್‌ಪ್ಲೇ ಮಾಡುತ್ತೇವೆ, ಅಂದರೆ ನಮ್ಮ ಪಾತ್ರಗಳಾಗಿಯೇ ಮಾತಾಡಿ ನಾಟಕದ ಹಾಗೆ ಆಡುತ್ತೇವೆ. ನಮ್ಮಲ್ಲಿ ಜಾಸ್ತಿ ವಾದ ಆಗುವುದೂ ಇದರ ಬಗ್ಗೆಯೇ.

ಬೇರೆ ಫ್ಯಾಂಟಸಿ ಆಟಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಎಲ್ಫ್ ಜನಾಂಗದವರಿಗೆ ಡ್ವಾರ್ಫ್ ಜನಾಂಗದವರನ್ನು ಕಂಡರೆ ಆಗದು. ಯಾಕೆ? ಆಗದು, ಅಷ್ಟೇ. ಎದುರಿಗೆ ಸಿಕ್ಕಾಗ ಒಂದೆರಡು ಚುಚ್ಚುಮಾತು ಆಡಿ ಮುಂದೆ ಹೋಗುತ್ತಾರೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಇಲ್ಲಿ ಹಾಗಲ್ಲ. ಇದನ್ನು ಹೇಳಬೇಕಾದರೆ 2005ರ ಮೊದಲ ಗಿಲ್ಡ್ ವಾರ್ಸ್‌ನಿಂದ ಶುರು ಮಾಡಬೇಕು. ಅದರಲ್ಲಿ ನೀವು ಆಸ್ಕಲಾನ್ ರಾಜ್ಯದ ಮನುಷ್ಯ. ಹಸಿರು ಗದ್ದೆ, ಹಳ್ಳಿ ಎಲ್ಲ ನೋಡಿಕೊಂಡು ಓಡಾಡುತ್ತಿರುತ್ತೀರಿ. ಆಮೇಲೆ ಚಾರ್ ಅನ್ನುವ ಕೊಂಬಿನ, ಬೆಕ್ಕಿನ ಮುಖದ ದೊಡ್ಡ ಮೈಯ ಜನ ಆಕಾಶದಿಂದ ಬೆಂಕಿ ಸುರಿಸುತ್ತಾರೆ. ಎಲ್ಲ ಸುಟ್ಟು ಹೋಗುತ್ತದೆ. ಆ ಆಟದಲ್ಲಿ ಚಾರ್ ಅಂದರೆ ಕೊಲ್ಲಬೇಕಾದ ಮೃಗ ಅಷ್ಟೇ, ಅವರ ಪಾತ್ರ ಮಾಡಿಕೊಳ್ಳಲು ಬರುವುದೇ ಇಲ್ಲ.

2012ರಲ್ಲಿ ಎರಡನೆಯ ಆಟ ಬಂತು. ಕಥೆಯಲ್ಲಿ 250 ವರ್ಷ ಕಳೆದಿದೆ. ಈಗ ಚಾರ್ ಆಗಿಯೂ ಆಡಬಹುದು, ಮತ್ತು ಚಾರ್ ಆದರೆ ನಿಮ್ಮ ಊರು ಅದೇ ಆಸ್ಕಲಾನ್! ಮನುಷ್ಯರು ಬರುವ ಮೊದಲು ಆ ನೆಲ ಚಾರ್‌ಗಳದ್ದಾಗಿತ್ತು, ಮನುಷ್ಯರೇ ಅವರನ್ನು ಓಡಿಸಿ ರಾಜ್ಯ ಕಟ್ಟಿದ್ದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಚಾರ್‌ಗಳ ರಾಜಧಾನಿ ಬ್ಲ್ಯಾಕ್ ಸಿಟಾಡೆಲ್ ನಿಂತಿರುವುದು ರಿನ್ ಅನ್ನುವ ಮನುಷ್ಯರ ಊರಿನ ಅವಶೇಷದ ಮೇಲೆ. ಒಂದೇ ನೆಲ, ಇಬ್ಬರಿಗೂ ಅದು ತಾತನ ಆಸ್ತಿ, ಇಬ್ಬರ ಹತ್ತಿರವೂ ಸತ್ತವರ ಲೆಕ್ಕ ಇದೆ. ಮೊದಲ ಆಟವನ್ನು ಮನಸ್ಸಿಟ್ಟು ಆಡಿದವರಿಗೆ ಇದು ಎಷ್ಟು ತಾಗುತ್ತದೆ ಅಂತ ಹೇಳಲಾರೆ. ವರ್ಷಗಟ್ಟಲೆ ಯಾರನ್ನು ಕೊಲ್ಲುತ್ತಿದ್ದೆವೋ ಅವರ ಮರಿಗಳು ಬಯಲಿನಲ್ಲಿ ಒಟ್ಟಿಗೆ ಸೇರಿ ಕಲಿಯುತ್ತಿರುತ್ತವೆ.

ಇದಕ್ಕಿಂತ ದೊಡ್ಡ ವಿಷಯ ಆಸ್ಕಲಾನಿನ ದೆವ್ವಗಳದ್ದು. ಕೊನೆಯ ರಾಜ ಅಡೆಲ್‌ಬರ್ನ್ ಸೋಲು ಒಪ್ಪದೆ ಫೋಫೈರ್ ಅನ್ನುವ ಮಾಟ ಮಾಡಿ, ತನ್ನ ಜನರನ್ನೇ ದೆವ್ವಗಳನ್ನಾಗಿ ಮಾಡುತ್ತಾನೆ. ಅವುಗಳ ಕಣ್ಣಿಗೆ ಬದುಕಿರುವ ಎಲ್ಲರೂ ಚಾರ್‌ಗಳೇ. ನೀವು ಮನುಷ್ಯ ಪಾತ್ರ ಹಿಡಿದು, ನಿಮ್ಮದೇ ಹಿರಿಯರ ಸಮಾಧಿಯ ಹತ್ತಿರ ಹೋದರೂ ಕತ್ತಿ ಹಿಡಿದು ಬರುತ್ತವೆ. ನಾನು ನಿಮ್ಮವನೇ ಅಂತ ಹೇಳಲು ಅಲ್ಲಿ ದಾರಿಯೇ ಇಲ್ಲ. ದ್ವೇಷ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದನ್ನು ಒಂದು ಸಾಲು ಭಾಷಣ ಇಲ್ಲದೆ ತೋರಿಸಿದ್ದಾರೆ. ಬರೆದವರಿಗೆ ಕೈ ಮುಗಿಯಬೇಕು.

ಅಸುರಾ ಅನ್ನುವ ಕುಳ್ಳ ಜನರೂ ಚೆನ್ನಾಗಿ ಬಂದಿದ್ದಾರೆ. ಎಲ್ಲರಿಗಿಂತ ತಾವೇ ಬುದ್ಧಿವಂತರು ಅನ್ನುವ ಜಂಬ, ಬೇರೆಯವರನ್ನೆಲ್ಲ 'ಬೂಕಾ' ಅಂತ ಕರೆಯುತ್ತಾರೆ. ಚಾರ್‌ಗಳು ಮನುಷ್ಯರನ್ನು ಇಲಿ ಅನ್ನುವ ಹಾಗೆ. ಅಸುರಾಗಳ ನಿಜವಾದ ಸಿಟ್ಟು ಮಾತ್ರ ಸ್ಕ್ರಿಟ್ ಅನ್ನುವ ಇನ್ನೊಂದು ಜನಾಂಗದ ಮೇಲೆ. ಒಂದು ಸ್ಕ್ರಿಟ್ ದಡ್ಡ, ಹತ್ತು ಸೇರಿದರೆ ಜಾಣ, ಗುಂಪು ದೊಡ್ಡದಾದಷ್ಟೂ ಬುದ್ಧಿ ಚುರುಕು. ಅವು ಬರೀ ಹುಳ ಹುಪ್ಪಟೆ ಅಂತ ಅಸುರಾ ಹೇಳುತ್ತಲೇ ಇರುತ್ತಾನೆ, ಅವು ಕಣ್ಣೆದುರೇ ಊರು ಕಟ್ಟಿಕೊಂಡು ಬದುಕುತ್ತಿರುತ್ತವೆ.

ಈಗ ನನ್ನ ತಕರಾರು. ಇಷ್ಟೆಲ್ಲ ತಾತ್ಸಾರ ಇದ್ದರೂ ಅದು ಆಡುವವನ ಮೈಗೆ ತಾಗುವುದೇ ಇಲ್ಲ. ನನ್ನ ಚಾರ್ ಪಾತ್ರ ಮನುಷ್ಯರ ರಾಜಧಾನಿಗೆ ಸೀದಾ ನಡೆದುಕೊಂಡು ಹೋಗುತ್ತದೆ. ಅಂಗಡಿಯವನು ಅದೇ ರೇಟಿಗೆ ಮಾರುತ್ತಾನೆ, ಕಾವಲುಗಾರ ಒಂದು ಮಾತು ಕೇಳುವುದಿಲ್ಲ. ಕ್ಯಾಂಥಾ ದೇಶದ್ದಂತೂ ಇನ್ನೂ ಬೇಜಾರು. ಅಲ್ಲಿನ ಚಕ್ರವರ್ತಿ ಉಸೋಕು ಮನುಷ್ಯರಲ್ಲದವರನ್ನೆಲ್ಲ ಹೊರಗಟ್ಟಿದ ಅಂತ ಕಥೆ ಇದೆ. 2022ರ ಎಂಡ್ ಆಫ್ ಡ್ರ್ಯಾಗನ್ಸ್ ಅನ್ನುವ ಎಕ್ಸ್‌ಪಾನ್ಶನ್‌ನಲ್ಲಿ (ಮೂಲ ಆಟಕ್ಕೆ ಬೇರೆಯಾಗಿ ಕೊಳ್ಳುವ ಹೊಸ ಭಾಗ) ಅಲ್ಲಿಗೆ ಹೋದರೆ ಚಾರ್‌ಗೂ ಬೀದಿ, ಅಂಗಡಿ ಎಲ್ಲ ತೆರೆದೇ ಇವೆ. ಸ್ಕೈರಿಮ್ ಅನ್ನುವ ಇನ್ನೊಂದು ಆಟದಲ್ಲೂ ಇದೇ ಕೊರತೆ ಅಲ್ವಾ? ವಿಂಡ್‌ಹೆಲ್ಮ್ ಊರಿನೊಳಗೆ ಹಲ್ಲಿಯಂಥ ಮೈಯ ಆರ್ಗೋನಿಯನ್ನರಿಗೆ ಜಾಗ ಇಲ್ಲ, ಬಂದರಿನಲ್ಲೇ ಇರಬೇಕು. ಆದರೆ ಆರ್ಗೋನಿಯನ್ ಪಾತ್ರ ಮಾಡಿಕೊಂಡ ನಾನು ಹೆಬ್ಬಾಗಿಲಿನಿಂದಲೇ ಒಳಗೆ ಹೋಗಬಹುದು. ಈ ವಿಷಯದಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ವಾಸಿ. ಆ ಆಟದಲ್ಲಿ ಆಡುವವರು ಎರಡು ಪಕ್ಷ, ಎದುರು ಪಕ್ಷದವರು ಟೈಪ್ ಮಾಡಿದ್ದು ನಮಗೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. 2022ರಲ್ಲಿ ಎರಡೂ ಕಡೆಯವರು ಒಂದೇ ತಂಡದಲ್ಲಿ ಸೇರಲು ಬಿಡುವವರೆಗೆ ಆ ಗೋಡೆ ಗಟ್ಟಿಯಾಗಿಯೇ ಇತ್ತು.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂದರೆ, ಮುಂಬಯಿಯಲ್ಲಿ ಬೆಳೆದವರಿಗೆ ತಾತ್ಸಾರ ಅಂದರೆ ಬರೀ ಬೈಗುಳ ಅಲ್ಲ ಅಂತ ಗೊತ್ತು. 60ರ ದಶಕದಲ್ಲಿ 'ಹಟಾವ್ ಲುಂಗಿ' ಅಂತ ಕೂಗಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಅದು ಕೂಗಿ ಹೇಳುವ ತರಹದ್ದು. ಇನ್ನೊಂದು ಮೆಲ್ಲಗೆ ಮಾತಾಡುತ್ತದೆ. ಬಾಡಿಗೆ ಮನೆ ಹುಡುಕುವಾಗ ಬ್ರೋಕರ್ ನಗುತ್ತಲೇ ಸರ್‌ನೇಮ್ ಕೇಳುತ್ತಾನೆ, ಮೀನು ತಿಂತೀರಾ ಅಂತ ಕೇಳುತ್ತಾನೆ, ಒಂದು ನಿಮಿಷ ಅಂತ ಫೋನ್ ಹಿಡಿದು ಆಚೆ ಹೋಗುತ್ತಾನೆ, ಬಂದು ಮನೆ ಈಗಷ್ಟೇ ಹೋಯಿತು ಅನ್ನುತ್ತಾನೆ. ಯಾರೂ ಬೈದಿಲ್ಲ, ಮನೆ ಮಾತ್ರ ಇಲ್ಲ. ಈ ಎರಡನೆಯ ತರಹದ್ದು ಗಿಲ್ಡ್ ವಾರ್ಸ್ 2ರಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ.

ಹಾಗಾಗಿ ನಮ್ಮ ರೋಲ್‌ಪ್ಲೇನಲ್ಲಿ ನಾವೇ ಅದನ್ನು ಸೇರಿಸುತ್ತೇವೆ. ಎಬನ್‌ಹಾಕ್ ಆಸ್ಕಲಾನಿನಲ್ಲಿ ಮನುಷ್ಯರ ಕೊನೆಯ ಕೋಟೆ, ಚಾರ್‌ಗಳ ಮುತ್ತಿಗೆ ತಡೆದುಕೊಂಡ ಊರು. ಈಗ ಶಾಂತಿ ಮಾತುಕತೆ ನಡೆದಿದೆ, ಬಾಗಿಲು ತೆರೆದಿದೆ. ಅಲ್ಲಿ ನಮ್ಮವರೊಬ್ಬರು ಗುಮಾಸ್ತೆ ಆಗುತ್ತಾರೆ. ಚಾರ್ ಬಂದರೆ ಬಹಳ ಮರ್ಯಾದೆಯಿಂದ ಕೂರಿಸುತ್ತಾರೆ, ಕಾಗದ ಕೇಳುತ್ತಾರೆ, ಇನ್ನೊಂದು ಕಾಗದ ಕೇಳುತ್ತಾರೆ, ನಾಳೆ ಬನ್ನಿ ಅನ್ನುತ್ತಾರೆ. ಆ ದೃಶ್ಯ ಆಡುವಾಗ ಮೈ ಉರಿಯುತ್ತದೆ, ಬೈಸಿಕೊಂಡಾಗ ಅಷ್ಟು ಉರಿಯುವುದಿಲ್ಲ.

ಹೀಗೆ ಆಡುವವರು ಒಂದೆರಡು ಮಾತು ಮೊದಲೇ ಆಡಿಕೊಳ್ಳಬೇಕು. ಎಲ್ಲಿವರೆಗೆ ಹೋಗಬಹುದು, ಯಾರಾದರೂ ಸಾಕು ಅಂದರೆ ಅಲ್ಲಿಗೇ ನಿಲ್ಲಿಸುವುದು, ಜಾತಿ ಭಾಷೆ ಧರ್ಮದ ನಿಜವಾದ ಬೈಗುಳ ಒಂದೂ ಬರಕೂಡದು. ಒಮ್ಮೆ ಹೊರಗಿನವನೊಬ್ಬ ಚಾರ್ ಪಾತ್ರದಲ್ಲಿ ಸೇರಿಕೊಂಡ. ಇಲಿ ಇಲಿ ಅಂತ ಶುರು ಮಾಡಿದವನು ನಾವು ಇಂಡಿಯಾದವರು ಅಂತ ಗೊತ್ತಾದ ಮೇಲೆ ನಮ್ಮ ಬಣ್ಣ, ನಮ್ಮ ಇಂಗ್ಲಿಷಿಗೆ ಇಳಿದ. ಕೇಳಿದರೆ ಅದು ಪಾತ್ರದ ಮಾತು ಅಂದ. ಪಾತ್ರಕ್ಕೆ ಇಂಡಿಯಾ ಎಲ್ಲಿಂದ ಗೊತ್ತಾಯಿತು? ಬ್ಲಾಕ್ ಮಾಡಿದೆವು, ರಿಪೋರ್ಟ್ ಮಾಡಿದೆವು. ಇಂಥವರಿಗೆ ಎರಡನೆಯ ಅವಕಾಶ ಕೊಡಬೇಡಿ.

ಇನ್ನು ದುಡ್ಡಿನ ವಿಷಯ. ಮೂಲ ಆಟ 2015ರಿಂದ ಉಚಿತ, ತಿಂಗಳ ಚಂದಾ ಇಲ್ಲ. ಉಚಿತ ಖಾತೆಗೆ ಚಾಟ್‌ನಲ್ಲಿ ಕೆಲವು ನಿರ್ಬಂಧ ಇವೆ, ರೋಲ್‌ಪ್ಲೇ ಮಾಡುವವರಿಗೆ ಅದು ಕಿರಿಕಿರಿ. ಒಂದು ಎಕ್ಸ್‌ಪಾನ್ಶನ್ ಕೊಂಡರೆ ಆ ತೊಂದರೆ ಹೋಗುತ್ತದೆ. ಆದರೆ ಸುಮ್ನೆ ಮೊದಲೇ ದುಡ್ಡು ಹಾಕಬೇಡಿ. ಒಂದು ಮನುಷ್ಯ ಪಾತ್ರ, ಒಂದು ಚಾರ್ ಪಾತ್ರ ಮಾಡಿ, ಎರಡನ್ನೂ 30ನೇ ಲೆವೆಲ್ ತನಕ ಆಡಿ. ಜನಾಂಗದ್ದೇ ಆದ ಕಥೆ ಇರುವುದು ಅಲ್ಲಿವರೆಗೆ, ಆಮೇಲೆ ಎಲ್ಲರ ಕಥೆಯೂ ಒಂದೇ ದಾರಿಗೆ ಬರುತ್ತದೆ. ಅಷ್ಟರಲ್ಲಿ ಇಷ್ಟವಾದರೆ ಕೊಳ್ಳಿ. ಚಾರ್‌ಗಳ ಕಥೆಯೇ ಹಿಡಿಸಿದ್ದರೆ ಇದೇ ಆಟದಲ್ಲಿ 2019ರಲ್ಲಿ ಶುರುವಾದ ಐಸ್‌ಬ್ರೂಡ್ ಸಾಗಾ ಅನ್ನುವ ಕಥಾಸರಣಿ ಕಡೆಗೆ ಹೋಗಿ. ಚಾರ್‌ಗಳೇ ಎಲ್ಲರಿಗಿಂತ ಮೇಲು ಅಂತ ಹೊರಟ ಬಂಗಾರ್ ಅನ್ನುವ ನಾಯಕ, ಅವನಿಂದ ಚಾರ್‌ಗಳಲ್ಲೇ ಆಗುವ ಒಡಕು, ಅದರಲ್ಲಿದೆ.