911 ಎಸ್‌ಸಿಗೆ ಸಿಎನ್36: ಮುಂದೆ 185, ಹಿಂದೆ 215

1978–83ರ ಪೋರ್ಷೆ 911 ಎಸ್‌ಸಿಯ 15 ಇಂಚಿನ ಚಕ್ರಕ್ಕೆ ಪಿರೆಲ್ಲಿ ಚಿಂಟುರಾಟೊ ಸಿಎನ್36 ಟೈರ್ ಸರಿಯಾದ ಜೋಡಿ. ಮುಂದಿನ 6 ಇಂಚಿನ ರಿಮ್ಮಿಗೆ 185/70 ಆರ್15 (ಅಗಲ 185 ಮಿ.ಮೀ., ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಶೇ. 70, ರಿಮ್ 15 ಇಂಚು), ಹಿಂದಿನ 7 ಇಂಚಿನದಕ್ಕೆ 215/60 ಆರ್15. ಅಗಲ ಬೇರೆಯಾದರೂ ಟೈರಿನ ಒಟ್ಟು ಎತ್ತರ ಲೆಕ್ಕದಲ್ಲಿ 640 ಮತ್ತು 639 ಮಿ.ಮೀ., ಹೆಚ್ಚುಕಡಿಮೆ ಒಂದೇ.

ಹಣ ಉಳಿಸಲು ನಾಲ್ಕಕ್ಕೂ ಒಂದೇ ಸೈಜ್ ಹಾಕಿಸುವುದು ತಪ್ಪು. ಎಂಜಿನ್ ಹಿಂದಿನ ಆಕ್ಸಲ್‌ಗೂ ಆಚೆ ತೂಗುತ್ತದೆ; ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಹೊರಕ್ಕೆ ಜಾರುತ್ತದೆ. ಹಿಂದಿನ ಅಗಲ ಅದಕ್ಕೇ ಬೇಕು, ಚಂದಕ್ಕಲ್ಲ.

16 ಇಂಚಿನ ಫುಕ್ಸ್ ಅಲಾಯ್ ಚಕ್ರ ಇದ್ದರೆ ಮುಂದೆ 205/55, ಹಿಂದೆ 225/50. ನೋಟ ಬಿಗಿ, ಸ್ಟೀರಿಂಗ್ ಚುರುಕು. ಆದರೆ ಸೈಡ್‌ವಾಲ್ ಸುಮಾರು 17 ಮಿ.ಮೀ. ಕಡಿಮೆ; ಗುಂಡಿ ಬಿದ್ದ ರಸ್ತೆಯಲ್ಲಿ ಪೆಟ್ಟು ನೇರ ರಿಮ್ಮಿಗೇ.

ಗಾಳಿ, ಟೈರ್ ತಣ್ಣಗಿದ್ದಾಗ: ಮುಂದೆ 29, ಹಿಂದೆ 34 ಪಿಎಸ್‌ಐ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಎಷ್ಟೇ ರಿಯಾಯಿತಿ ಕೊಟ್ಟರೂ ಅಂಥ ಹಳೇ ಸ್ಟಾಕ್ ಬೇಡ.