ಮಲೆನಾಡಿನ ಮಳೆಗಾಲ ದಾಟಿದ ಸಾಫ್ಟ್‌ಬಾಕ್ಸ್ ಕಿಟ್

ಎರಡು ಸಾಫ್ಟ್‌ಬಾಕ್ಸ್ (ಒಳಗೆ ಬಲ್ಬ್, ಮುಂದೆ ಬೆಳಕನ್ನು ಮೆದುವಾಗಿಸುವ ಬಿಳಿ ಬಟ್ಟೆ ಇರುವ ಪೆಟ್ಟಿಗೆ), ಎರಡು ಸ್ಟ್ಯಾಂಡ್. ಅಳತೆ 50x70 ಸೆಂ.ಮೀ. ಆನ್‌ಲೈನ್‌ನಲ್ಲಿ ಈ ಕಿಟ್ ಹತ್ತಾರು ಹೆಸರಲ್ಲಿ ಸಿಗುತ್ತದೆ, ಮಾಲು ಹೆಚ್ಚುಕಡಿಮೆ ಒಂದೇ. ಮೂರು ಸಾವಿರದೊಳಗೆ ತಂದಿದ್ದು, ಎರಡು ವರ್ಷದ ಮೇಲಾಯಿತು. ಊರು ಸಾಗರದ ಹತ್ತಿರ. ತಾಳಮದ್ದಲೆಯ ಹಿರಿಯ ಅರ್ಥಧಾರಿಗಳನ್ನು ಕೂರಿಸಿಕೊಂಡು ಮಾತಾಡಿಸುವ ಪಾಡ್‌ಕಾಸ್ಟ್ ನಮ್ಮದು, ವಿಡಿಯೊ ಸಮೇತ.

ಇದನ್ನು ಇಷ್ಟಪಡಲು ದೊಡ್ಡ ಕಾರಣ, ಸದ್ದಿಲ್ಲ. ಒಳಗಿರುವುದು ಬರೀ ಬಲ್ಬ್. ಜಾಸ್ತಿ ಪವರಿನ ಸಿಒಬಿ ಲೈಟುಗಳಲ್ಲಿ (ಒಂದೇ ಕಡೆ ಒತ್ತಾಗಿ ಎಲ್ಇಡಿ ಕೂರಿಸಿದವು) ಬಿಸಿ ಹೊರಹಾಕಲು ಸಾಮಾನ್ಯವಾಗಿ ಪುಟ್ಟ ಫ್ಯಾನ್ ಇರುತ್ತದೆ. ಸೀಲಿಂಗ್ ಫ್ಯಾನ್ ಬಂದ್ ಮಾಡಿ ಬೆವರುತ್ತಾ ಕೂತಿರುವಾಗ ಲೈಟಿನ ಫ್ಯಾನ್ ಮೈಕಿಗೆ ಕೇಳಿಸಿದರೆ ಹೇಗಿರುತ್ತೆ ಹೇಳಿ.

ಇನ್ನೊಂದು ಕಾರಣ ಕನ್ನಡಕ. ನಮ್ಮಲ್ಲಿ ಬರುವವರು ಬಹುತೇಕ ಅರವತ್ತು ದಾಟಿದವರು. ರಿಂಗ್ ಲೈಟ್ ಎದುರಿಗಿಟ್ಟರೆ ಗಾಜಿನಲ್ಲಿ ಎರಡು ಬಳೆ ಅಂಟಿಸಿದ ಹಾಗೆ ಕಾಣುತ್ತದೆ. ಸಾಫ್ಟ್‌ಬಾಕ್ಸನ್ನು ಪಕ್ಕಕ್ಕೆ 45 ಡಿಗ್ರಿಯಷ್ಟು ಸರಿಸಿ, ತಲೆಗಿಂತ ಒಂದಡಿ ಮೇಲಿಟ್ಟು, ಕೆಳಕ್ಕೆ ಬಗ್ಗಿಸಿದರೆ ಆ ರಗಳೆ ಇಲ್ಲ. ಆಗಲೂ ಹೊಳೆದರೆ, ಕಿವಿಯ ಮೇಲಿನ ಕಡ್ಡಿಯನ್ನು ಚೂರು ಮೇಲೆತ್ತಿಕೊಳ್ಳಿ ಅಂತ ಹೇಳುತ್ತೇವೆ. ಗಾಜು ಕೂದಲೆಳೆಯಷ್ಟು ಬಾಗುತ್ತದೆ, ಹೊಳಪು ಹೋಗುತ್ತದೆ.

ಪೆಟ್ಟಿಗೆಯನ್ನು ಹತ್ತಿರ ಇಡಬೇಕು, ಫ್ರೇಮಿನ ಅಂಚಿಗೆ ತಾಗುವಷ್ಟು. ದೂರ ಹೋದಷ್ಟೂ ಬೆಳಕು ಗಡುಸಾಗುತ್ತದೆ, ಮೂಗಿನ ನೆರಳು ಕೆನ್ನೆಗೆ ಗೆರೆ ಎಳೆಯುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಜಾಸ್ತಿ ವ್ಯಾಟಿಗೆ ದುಡ್ಡು ಸುರಿಯುವ ಮೊದಲು ಸ್ಟ್ಯಾಂಡನ್ನು ಎರಡಡಿ ಮುಂದೆ ತಳ್ಳಿ ನೋಡಿ.

ಕಿಟ್ ಜೊತೆ ಬರುವ ಬಲ್ಬ್ ಮಾತ್ರ ದಂಡ. ಮುಖಕ್ಕೆ ಹಸಿರು ಛಾಯೆ, ಹಣೆಯ ಕುಂಕುಮ ಮಂಕು. ಮನೆಗೆ ಹಾಕುವ ಸಾಧಾರಣ ಎಲ್ಇಡಿಯ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ನೂರರೊಳಗಿನ ಅಂಕ, 80ರ ಆಸುಪಾಸು ಇರುತ್ತದೆ. ವಿಡಿಯೊಗೆ 90 ದಾಟಿದ್ದು ಹುಡುಕಿ, ಬಲ್ಬಿನ ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಜೊತೆಗೆ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಂಕಾಗಿ ಏಳುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಆದರೆ ಮೊಬೈಲನ್ನು ಸೆಕೆಂಡಿಗೆ 30 ಫ್ರೇಮು, 1/60 ಸೆಕೆಂಡ್ ಶಟರಿಗೆ ಇಟ್ಟರೆ ಗೋಡೆ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. 25 ಫ್ರೇಮು, 1/50 ಶಟರ್ ಮಾಡಿದರೆ ಮಾಯ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಬಲ್ಬ್ ಹಚ್ಚಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಹಿಡಿಯಿರಿ. ಪಟಪಟ ಮಿನುಗಿದರೆ ವಾಪಸ್ ಕೊಡಿ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ ಬಿಡಿ.

ಹೋಲ್ಡರ್ ಇ27, ಅಂದರೆ ತಿರುಪಿನದು. ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಪಿನ್ ಇರುವ ಬಿ22. ಅಡಾಪ್ಟರ್ ಸಿಗುತ್ತದೆ, ಆದರೆ ಭಾರದ ಬಲ್ಬ್ ಅದರಲ್ಲಿ ಅಲ್ಲಾಡುತ್ತದೆ. ತಿರುಪಿನದನ್ನೇ ತರಿಸಿಕೊಳ್ಳಿ. ಎರಡೂ ಒಂದೇ ಕಂಪನಿಯ ಒಂದೇ ಬಣ್ಣದವಾಗಿರಲಿ, ಟ್ಯೂಬ್‌ಲೈಟ್ ಆರಿಸಿ, ಕ್ಯಾಮೆರಾ ನಡುವೆ ಬಣ್ಣ ಬದಲಿಸದ ಹಾಗೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ.

ಬಾಳಿಕೆ ಹೇಗೆ ಅಂದರೆ ಸುಮಾರು. ಮೊದಲ ಮಳೆಗಾಲದಲ್ಲೇ ಬಿಳಿ ಬಟ್ಟೆಗೆ ಬೂಷ್ಟು ಹಿಡಿಯಿತು. ಸೋಪು ನೀರಲ್ಲಿ ತೊಳೆದೆ, ಕಲೆ ಪೂರ್ತಿ ಹೋಗಿಲ್ಲ, ಬೆಳಕಿಗೇನೂ ತೊಂದರೆಯಿಲ್ಲ. ಈಗ ಮಡಚಿಡುವುದೇ ಇಲ್ಲ, ಬಿಚ್ಚಿದ ಹಾಗೇ ಅಟ್ಟದ ಗಾಳಿಗೆ ನೇತುಹಾಕುತ್ತೇನೆ. ಒಂದು ಮೂಲೆಯಲ್ಲಿ ಕಡ್ಡಿ ಬಟ್ಟೆ ತೂತು ಮಾಡಿ ಹೊರಬಂತು, ಅಮ್ಮ ದಪ್ಪ ದಾರದಲ್ಲಿ ಹೊಲಿದುಕೊಟ್ಟರು. ಸ್ಟ್ಯಾಂಡಿನ ಪ್ಲಾಸ್ಟಿಕ್ ತಿರುಪು ಒಡೆಯಿತು. ಮಾರಿದವರಿಗೆ ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಕೂತಿದೆ. ಸ್ಟ್ಯಾಂಡ್ ಹಗುರ, ಕಾಲಿಗೆ ಸಿಕ್ಕರೆ ಬೀಳುವುದೇ. ಬುಡಕ್ಕೆ ಮರಳಿನ ಚೀಲ ಕಟ್ಟಿ. ಅರ್ಥಧಾರಿಗಳು ಆವೇಶ ಬಂದಾಗ ಕೈ ಬೀಸುತ್ತಾರಲ್ವಾ!

ಕರೆಂಟು ಹೋದರೆ ರೆಕಾರ್ಡಿಂಗ್ ನಿಲ್ಲಿಸುತ್ತೇವೆ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅದರಲ್ಲಿ ಬಲ್ಬ್ ಗುಂಯ್ ಅನ್ನುತ್ತದೆ. ಸೈನ್ ವೇವ್ ಇದ್ದವರಿಗೆ ಈ ಕಾಟ ಬರಲಿಕ್ಕಿಲ್ಲ.

ಒಬ್ಬರೇ ಕೂತು ಮಾತಾಡುವವರಿಗೆ ಜೋಡಿ ಯಾಕೆ? ಒಂದೇ ಸಾಫ್ಟ್‌ಬಾಕ್ಸ್ ತಗೊಳ್ಳಿ, ಬೆಳಕು ಮುಖಕ್ಕೆ ವಾಪಸ್ ಬೀಳುವ ಹಾಗೆ ಎದುರು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಾಳೆ ಒರಗಿಸಿ. ಉಳಿದ ದುಡ್ಡು ಮೈಕಿಗೆ ಹಾಕಿ.